ಬಸವನಗುಡಿಯ ದಿಣ್ಣೆಗಳು: ಲೆಕ್ಕಪುಸ್ತಕದಲ್ಲಿ ಕಾಣದ ಆಸ್ತಿ

ಬೆಂಗಳೂರಿನ ಬಸವನಗುಡಿಯು ಎರಡು ನದಿಗಳ ನೀರನ್ನು ಬೇರ್ಪಡಿಸುವ ದಿಣ್ಣೆಯ ಮೇಲೆ ಕುಳಿತಿರುವ ಬಡಾವಣೆ. ದಿಣ್ಣೆಯ ಪಶ್ಚಿಮಕ್ಕೆ ಬಿದ್ದ ಮಳೆನೀರು ಕೆಂಪಾಂಬುಧಿ ಕೆರೆಯ ಕಡೆಗೆ ಇಳಿದು, ವೃಷಭಾವತಿಯನ್ನು ಸೇರಿ, ಅರ್ಕಾವತಿಯ ಮೂಲಕ ಕಾವೇರಿಗೆ ಹೋಗುತ್ತದೆ. ಪೂರ್ವಕ್ಕೆ ಬಿದ್ದ ನೀರು ಲಾಲ್‌ಬಾಗ್ ಕೆರೆಯನ್ನು ಹಾದು, ಕೋರಮಂಗಲ ಕಣಿವೆಯ ದಾರಿಯಾಗಿ ಬೆಳ್ಳಂದೂರು, ವರ್ತೂರು ಕೆರೆಗಳನ್ನು ದಾಟಿ ದಕ್ಷಿಣ ಪಿನಾಕಿನಿಯ ಪಾಲಾಗುತ್ತದೆ. ಕಾಲ್ನಡಿಗೆಯಲ್ಲಿ ಅರ್ಧ ಗಂಟೆಗೆ ದಾಟಬಹುದಾದ ಈ ಪ್ರದೇಶದಲ್ಲಿ ಎರಡು ಮನೆಗಳ ಸೂರಿನ ನೀರು ಎರಡು ನದಿಗಳಿಗೆ ಹಂಚಿಹೋಗುವುದು ಅಲ್ಲಿನ ನಿವಾಸಿಗಳಲ್ಲಿಯೂ ಅನೇಕರಿಗೆ ತಿಳಿದಿರಲಾರದು. ಬುಲ್ ಟೆಂಪಲ್ ರಸ್ತೆಯ ಏರು, ಹನುಮಂತನಗರದ ಕಡಿದಾದ ಬೀದಿಗಳು, ಗವಿಪುರದ ತಗ್ಗು, ಲಾಲ್‌ಬಾಗಿನ ಬಂಡೆ ಇವೆಲ್ಲವೂ ಒಂದೇ ನೆಲದ ಏರಿಳಿತಗಳು.

ಈ ಏರಿಳಿತಗಳ ನಡುವೆ ಉಳಿದುಕೊಂಡಿರುವ ತೋಟ, ಉದ್ಯಾನ, ಬಂಡೆ, ಕೆರೆಗಳ ಬಗ್ಗೆ ಬರೆದವರೆಲ್ಲ ಅವುಗಳ ಸೊಬಗನ್ನು ಹೊಗಳಿದ್ದಾರೆ. ಅದು ತಪ್ಪೇನಲ್ಲ. ಆದರೆ ವಾಣಿಜ್ಯದ ದೃಷ್ಟಿಯಿಂದ ಅವುಗಳನ್ನು ನೋಡಿದವರು ಕಡಿಮೆ. ದಕ್ಷಿಣ ಬೆಂಗಳೂರಿನ ಹಲವು ಹಳೆಯ ವ್ಯಾಪಾರಗಳು, ಅಂದರೆ ಸಸಿ ಮಾರಾಟ, ಹಣ್ಣು-ತರಕಾರಿಯ ಸಹಕಾರಿ ಮಾರಾಟ, ಕಡಲೆಕಾಯಿಯ ವಾರ್ಷಿಕ ಸಂತೆ, ಬೆಳಗಿನ ತಿಂಡಿಯ ಹೋಟೆಲುಗಳು, ಈ ತೆರೆದ ನೆಲವನ್ನೇ ಆಶ್ರಯಿಸಿ ಬೆಳೆದಂಥವು. ಯಾವ ವರ್ತಕನ ಅಡಾವೆ ಪತ್ರಿಕೆಯಲ್ಲಿಯೂ ಈ ನೆಲ ಆಸ್ತಿಯೆಂದು ನಮೂದಾಗಿಲ್ಲ. ನಮೂದಾಗದ ಆಸ್ತಿಯನ್ನು ನಗರ ಯೋಜನೆಯ ನಕ್ಷೆಗಳು ಬಹು ಸುಲಭವಾಗಿ ‘ಖಾಲಿ ಜಾಗ’ವೆಂದು ಓದಿಕೊಳ್ಳುತ್ತವೆ.

ಕಲ್ಲಿನಿಂದ ಉಳಿದ ನೆಲ

ಇಲ್ಲಿನ ಹಸಿರು ಉಳಿದಿರುವುದಕ್ಕೆ ಮೊದಲ ಕಾರಣ ಯಾರ ದೂರದೃಷ್ಟಿಯೂ ಅಲ್ಲ, ಕಲ್ಲು. 1898ರಲ್ಲಿ ಬೆಂಗಳೂರಿನ ಪೇಟೆಯನ್ನು ಪ್ಲೇಗು ಮುತ್ತಿದಾಗ, ಇಕ್ಕಟ್ಟಿನ ಓಣಿಗಳಿಂದ ಜನರನ್ನು ಹೊರತರುವ ಸಲುವಾಗಿ ಬಸವನಗುಡಿ ಮತ್ತು ಮಲ್ಲೇಶ್ವರ ಬಡಾವಣೆಗಳ ನಿರ್ಮಾಣ ಚುರುಕುಗೊಂಡಿತು. ಅಗಲವಾದ ರಸ್ತೆ, ಮನೆಯ ಸುತ್ತ ಅಂಗಳ, ಗಾಳಿ-ಬೆಳಕು, ಇವೇ ಅಂದಿನ ಆರೋಗ್ಯದ ಸೂತ್ರಗಳಾಗಿದ್ದವು. ನೆಲ ಅಗೆಯಲು ಬಂದಲ್ಲಿ ನಿವೇಶನಗಳಾದವು. ಬಂಡೆ ಎದ್ದು ನಿಂತಲ್ಲಿ ಅಳತೆಯ ಸರಪಳಿ ಹಿಂದೆ ಸರಿಯಿತು. ಬ್ಯೂಗಲ್ ರಾಕ್, ಹನುಮಂತನಗರದ ರಾಮಾಂಜನೇಯ ಗುಡ್ಡ, ಕುಮಾರಸ್ವಾಮಿ ದೇವಾಲಯವಿರುವ ಬೆಟ್ಟ, ಗವಿ ಗಂಗಾಧರೇಶ್ವರನ ಗುಹೆಯ ಸುತ್ತಲಿನ ಬಂಡೆಗಳು ಹೀಗೆ ಉಳಿದವು. ಹಲವು ಕಡೆ ದೇವಾಲಯವಿದ್ದುದರಿಂದಲೂ ಕಲ್ಲು ಉಳಿಯಿತೆನ್ನಬೇಕು. ಕಲ್ಲುಕುಟಿಗರ ಉಳಿಗೆ ಸಿಕ್ಕ ಗುಡ್ಡಗಳು ನಗರದ ಹಳೆಯ ಗೋಡೆಗಳಲ್ಲಿಯೂ ಮೆಟ್ಟಿಲುಗಳಲ್ಲಿಯೂ ಸೇರಿಹೋಗಿವೆ.

ಈ ಕಲ್ಲಿನ ವಯಸ್ಸು ಮನುಷ್ಯನ ಲೆಕ್ಕಕ್ಕೆ ಸಿಗುವಂಥದ್ದಲ್ಲ. ಲಾಲ್‌ಬಾಗಿನ ಬಂಡೆಯು ಸುಮಾರು 300 ಕೋಟಿ ವರ್ಷ ಹಳೆಯದಾದ ಪೆನಿನ್ಸುಲಾರ್ ನೈಸ್ ಎಂಬ ಶಿಲೆ. ಆ ಹೆಸರನ್ನು ಬಳಕೆಗೆ ತಂದವರು ಮೈಸೂರು ಭೂವಿಜ್ಞಾನ ಇಲಾಖೆಯ ಡಬ್ಲ್ಯು.ಎಫ್. ಸ್ಮೀತ್, 1916ರಲ್ಲಿ. ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣಾಲಯವು ಈ ಬಂಡೆಯನ್ನು ರಾಷ್ಟ್ರೀಯ ಭೂವೈಜ್ಞಾನಿಕ ಸ್ಮಾರಕವೆಂದು ಘೋಷಿಸಿದೆ. ಬಂಡೆಯ ನೆತ್ತಿಯಲ್ಲಿ ಕೆಂಪೇಗೌಡರ ವಂಶದವರು ಕಟ್ಟಿಸಿದ ನಾಲ್ಕು ಗೋಪುರಗಳಲ್ಲೊಂದು ಇದೆ. ಅದರ ಜೊತೆಯ ಇನ್ನೊಂದು ಗೋಪುರ ಕೆಂಪಾಂಬುಧಿ ಕೆರೆಯ ಬಳಿ ನಿಂತಿದೆ. ಊರು ಇಷ್ಟೇ ಬೆಳೆಯಲೆಂದು ಹಾಕಿದ ಗಡಿಗುರುತುಗಳವು ಎಂಬ ಮಾತು ಪ್ರಚಲಿತವಾಗಿದೆ. ಊರು ಆ ಮಾತನ್ನು ಕೇಳಲಿಲ್ಲ, ವರ್ತಕರಂತೂ ಅದಕ್ಕಾಗಿ ಎಂದೂ ವ್ಯಥೆಪಟ್ಟಿಲ್ಲ.

ತೋಟವೇ ಪ್ರಯೋಗಶಾಲೆ, ತೋಟವೇ ಮಾರುಕಟ್ಟೆ

1760ರಲ್ಲಿ ಹೈದರಾಲಿ ಆರಂಭಿಸಿ ಟಿಪ್ಪು ಸುಲ್ತಾನ್ ದೂರದೇಶಗಳ ಗಿಡಗಳನ್ನು ತರಿಸಿ ಬೆಳೆಸಿದ ಲಾಲ್‌ಬಾಗ್, ಇಂದು ಸುಮಾರು 240 ಎಕರೆಯ ಸಸ್ಯೋದ್ಯಾನ. 1856ರಲ್ಲಿ ಅದು ಸರ್ಕಾರಿ ಸಸ್ಯೋದ್ಯಾನವಾಯಿತು. ಆ ಕಾಲದ ಸಸ್ಯೋದ್ಯಾನವೆಂದರೆ ವಿಹಾರಸ್ಥಳ ಮಾತ್ರವಲ್ಲ; ಹೊರನಾಡಿನ ಯಾವ ಬೆಳೆ ಈ ಮಣ್ಣಿಗೆ ಒಗ್ಗುತ್ತದೆ, ಯಾವುದು ರೈತನಿಗೆ ಲಾಭ ತರುತ್ತದೆ ಎಂಬುದನ್ನು ಪರೀಕ್ಷಿಸುವ ತಾಣವೂ ಹೌದು. 1874ರಿಂದ 1908ರವರೆಗೆ ಇದರ ಮೇಲ್ವಿಚಾರಕರಾಗಿದ್ದ ಜಾನ್ ಕ್ಯಾಮರಾನ್ ಅವರು ಪರಿಚಯಿಸಿದ ತರಕಾರಿಗಳಲ್ಲಿ ಸೀಮೆಬದನೆಕಾಯಿಯೂ ಒಂದೆಂದು ಹೇಳಲಾಗುತ್ತದೆ. ತಮಿಳುನಾಡಿನಲ್ಲಿ ಅದನ್ನು ಈಗಲೂ ‘ಬೆಂಗಳೂರು ಕತ್ತರಿಕಾಯಿ’ ಎಂದೇ ಕೂಗಿ ಮಾರುತ್ತಾರೆ. ಜಾಹೀರಾತಿನ ವೆಚ್ಚವಿಲ್ಲದೆ ಊರಿನ ಹೆಸರು ನೆರೆರಾಜ್ಯದ ತರಕಾರಿ ಅಂಗಡಿಗಳನ್ನು ಹೊಕ್ಕಿದ್ದು ಒಂದು ತೋಟದ ದೆಸೆಯಿಂದ.

ಕ್ಯಾಮರಾನ್ ಅವರ ಕಾಲದಲ್ಲಿಯೇ, 1889ರ ನವೆಂಬರ್ 30ರಂದು ರಾಜಕುಮಾರ ಆಲ್ಬರ್ಟ್ ವಿಕ್ಟರ್ ಅಡಿಗಲ್ಲಿಟ್ಟ ಗಾಜಿನಮನೆ ಎದ್ದಿತು. ಅದರ ಕಬ್ಬಿಣ ಬಂದದ್ದು ಗ್ಲಾಸ್ಗೋದ ಮ್ಯಾಕ್‌ಫರ್ಲೇನ್ ಎರಕದ ಕಾರ್ಖಾನೆಯಿಂದ. ಅವರ ನಂತರ ಬಂದ ಜರ್ಮನ್ ತೋಟಗಾರ ಜಿ.ಎಚ್. ಕ್ರುಂಬಿಗಲ್ ಅವರು ವರ್ಷದ ಒಂದೊಂದು ಕಾಲಕ್ಕೆ ಒಂದೊಂದು ಜಾತಿಯ ಮರ ಹೂಬಿಡುವಂತೆ ನಗರದ ರಸ್ತೆಗಳಿಗೆ ಸಾಲುಮರಗಳನ್ನು ಆಯ್ದುಕೊಟ್ಟರೆಂಬುದು ಬೆಂಗಳೂರಿನ ತೋಟಗಾರಿಕೆಯ ಚರಿತ್ರೆಯಲ್ಲಿ ಮುಖ್ಯವಾದ ಸಂಗತಿ. 1912ರಲ್ಲಿ ಸ್ಥಾಪನೆಯಾದ ಮೈಸೂರು ತೋಟಗಾರಿಕಾ ಸಂಘದ ಆಶ್ರಯದಲ್ಲಿ ಬೆಳೆದ ಫಲಪುಷ್ಪ ಪ್ರದರ್ಶನ ಈಗ ಗಣರಾಜ್ಯೋತ್ಸವ ಮತ್ತು ಸ್ವಾತಂತ್ರ್ಯ ದಿನಾಚರಣೆಗಳ ಆಸುಪಾಸಿನಲ್ಲಿ ವರ್ಷಕ್ಕೆರಡು ಬಾರಿ ನಡೆಯುತ್ತದೆ. ಜನ ನೋಡುವುದು ಗಾಜಿನಮನೆಯೊಳಗಿನ ಹೂವಿನ ಪ್ರತಿರೂಪಗಳನ್ನು. ಆದರೆ ವ್ಯಾಪಾರ ನಡೆಯುವುದು ಹೊರಗಿನ ಮಳಿಗೆಗಳಲ್ಲಿ: ಬೀಜ, ಗೊಬ್ಬರ, ಕುಂಡ, ಕತ್ತರಿ, ಹನಿ ನೀರಾವರಿಯ ಕೊಳವೆ, ಕಸಿ ಕಟ್ಟಿದ ಮಾವಿನ ಸಸಿ. ಹೂವನ್ನು ನೋಡಲು ಬಂದವನು ಒಂದು ಗಿಡವನ್ನು ಕೊಂಡೇ ಹಿಂದಿರುಗುವಂತೆ ಮಾಡುವ ಈ ಏರ್ಪಾಡನ್ನು ಇಂದಿನ ಮಾರುಕಟ್ಟೆ ತಜ್ಞರು ಏನೆಂದು ಕರೆಯುತ್ತಾರೋ, ಆ ತೋಟಗಾರರಿಗೆ ಅದರ ಹೆಸರು ಬೇಕಿರಲಿಲ್ಲ.

ಇದರ ಮುಂದಿನ ಹೆಜ್ಜೆ ಇನ್ನೂ ಮಹತ್ವದ್ದು. ಸ್ವಾತಂತ್ರ್ಯಾನಂತರ ಲಾಲ್‌ಬಾಗನ್ನೂ ರಾಜ್ಯದ ತೋಟಗಾರಿಕೆಯನ್ನೂ ಬೆಳೆಸಿದ ಡಾ. ಎಂ.ಎಚ್. ಮರಿಗೌಡರು, ಬೆಳೆಯುವವನಿಗೆ ಸಸಿ ಕೊಟ್ಟರಷ್ಟೇ ಸಾಲದು, ಬೆಳೆದದ್ದಕ್ಕೆ ಬೆಲೆ ಸಿಗುವ ದಾರಿಯೂ ಬೇಕೆಂದು ಕಂಡುಕೊಂಡರು. ಅವರ ಪ್ರೇರಣೆಯಿಂದ 1959ರಲ್ಲಿ ಬೆಂಗಳೂರು ದ್ರಾಕ್ಷಿ ಬೆಳೆಗಾರರ ಸಹಕಾರ ಸಂಘ ಹುಟ್ಟಿತು. ಮಧ್ಯವರ್ತಿಗಳ ಕೈಯಲ್ಲಿ ನಲುಗುತ್ತಿದ್ದ ದ್ರಾಕ್ಷಿ ಬೆಳೆಗಾರರಿಗಾಗಿ ಆರಂಭವಾದ ಆ ಸಂಘವೇ ಮುಂದೆ ಹಾಪ್‌ಕಾಮ್ಸ್ ಎಂಬ ಹೆಸರಿನಿಂದ ಮನೆಮಾತಾಯಿತು. ಬೀದಿ ಬೀದಿಯಲ್ಲಿ ಕಾಣುವ ಅದರ ಮಳಿಗೆಗಳ ಮೂಲ ಕಚೇರಿ ಇರುವುದು ಲಾಲ್‌ಬಾಗಿನ ಆವರಣದಲ್ಲಿಯೇ. ಸಸಿ ಬೆಳೆಯುವವರ ಸಹಕಾರ ಸಂಘವೂ ಅದೇ ಆವರಣದಲ್ಲಿ ಮಾರಾಟ ನಡೆಸುತ್ತದೆ. ಗೋಡೆಯ ಆಚೆ ಸಿದ್ದಾಪುರದ ಕಡೆ ಹೋದರೆ ಖಾಸಗಿ ನರ್ಸರಿಗಳ ಸಾಲೇ ಇದೆ. ತಲೆಮಾರುಗಳಿಂದ ತೋಟಗಾರಿಕೆಯನ್ನೇ ಕಸುಬಾಗಿ ಉಳಿಸಿಕೊಂಡು ಬಂದ ತಿಗಳ ಸಮುದಾಯದ ಕೈಗುಣ ಈ ಭಾಗದ ಸಸ್ಯವ್ಯಾಪಾರದ ಬೇರಿನಲ್ಲಿದೆ. ತೋಟದಿಂದ ಕಸುಬು, ಕಸುಬಿನಿಂದ ಅಂಗಡಿ, ಅಂಗಡಿಯಿಂದ ನಗರದ ಮನೆಮನೆಯ ಮಾಳಿಗೆಯ ಕುಂಡ ಎಂಬ ಈ ಸರಪಳಿಯಲ್ಲಿ ಮೊದಲ ಕೊಂಡಿ 240 ಎಕರೆಯ ನೆಲ.

ಲಾಲ್‌ಬಾಗಿನೊಳಗಿನ ಹೂಗಡಿಯಾರವನ್ನೂ ಇಲ್ಲಿ ನೆನೆಯಬಹುದು. 1983ರಲ್ಲಿ ಎಚ್‌ಎಂಟಿ ಸಂಸ್ಥೆ ಅದನ್ನು ಕೊಡುಗೆಯಾಗಿ ನೀಡಿತು. ದೇಶಕ್ಕೇ ಸಮಯ ತೋರಿಸುತ್ತಿದ್ದ ಆ ಸಂಸ್ಥೆಯ ಕೈಗಡಿಯಾರ ಕಂಪನಿಯನ್ನು ಮುಚ್ಚಲು 2016ರಲ್ಲಿ ಕೇಂದ್ರ ಸರ್ಕಾರ ತೀರ್ಮಾನಿಸಿತು. ಕಾರ್ಖಾನೆಗೆ ಬೀಗ ಬಿತ್ತು, ಹೂವಿನ ನಡುವೆ ಇಟ್ಟ ಗಡಿಯಾರ ಉಳಿಯಿತು.

ಕಾರ್ತಿಕದ ಸೋಮವಾರ

ತೋಟದಿಂದ ದಿಣ್ಣೆಯ ಮೇಲಕ್ಕೆ ಬಂದರೆ ವಹಿವಾಟಿನ ಸ್ವರೂಪ ಬದಲಾಗುತ್ತದೆ. ದೊಡ್ಡ ಬಸವಣ್ಣನ ಗುಡಿಯಲ್ಲಿರುವ ಏಕಶಿಲಾ ನಂದಿ ಸುಮಾರು ನಾಲ್ಕೂವರೆ ಮೀಟರ್ ಎತ್ತರ, ಆರು ಮೀಟರ್ ಉದ್ದದ ವಿಗ್ರಹ. ವೃಷಭಾವತಿಯು ಈ ವೃಷಭನ ಪಾದದಲ್ಲಿ ಹುಟ್ಟಿದಳೆಂಬುದು ನಂಬಿಕೆ. ನೀರ್ದಿಣ್ಣೆಯ ಭೂಗೋಳ ಬಲ್ಲವರಿಗೆ ಆ ನಂಬಿಕೆಯಲ್ಲಿ ನೆಲದ ಅರಿವೂ ಕಾಣುತ್ತದೆ. ಕಾರ್ತಿಕ ಮಾಸದ ಕೊನೆಯ ಸೋಮವಾರ ಇಲ್ಲಿ ನಡೆಯುವ ಕಡಲೆಕಾಯಿ ಪರಿಷೆ ನಗರದೊಳಗೆ ಇನ್ನೂ ಬದುಕಿರುವ ಕೃಷಿ ಸಂತೆಗಳಲ್ಲಿ ಮುಖ್ಯವಾದುದು. ಸುಂಕೇನಹಳ್ಳಿ, ಗವಿಪುರ, ಗುಟ್ಟಹಳ್ಳಿ, ಮಾವಳ್ಳಿಯ ರೈತರ ಹೊಲಕ್ಕೆ ಬಸವ ನುಗ್ಗಿ ಬೆಳೆ ಮೇಯುತ್ತಿದ್ದನಂತೆ. ಮೊದಲ ಫಸಲನ್ನು ಅವನಿಗೇ ಒಪ್ಪಿಸುವ ಹರಕೆ ಹೊತ್ತ ಮೇಲೆ ಕಾಟ ನಿಂತಿತಂತೆ. ಗುಡಿಯನ್ನು 16ನೆಯ ಶತಮಾನದಲ್ಲಿ ಕೆಂಪೇಗೌಡರು ಕಟ್ಟಿಸಿದರೆನ್ನುತ್ತಾರೆ. ಕಡಲೆಕಾಯಿ ಅಮೆರಿಕ ಖಂಡದಿಂದ ಬಂದ ಬೆಳೆಯಾದ್ದರಿಂದ ಕಥೆಯ ಬಸವ ಮೊದಮೊದಲು ಬೇರೇನನ್ನೋ ಮೇಯುತ್ತಿದ್ದಿರಬೇಕು. ದೇವರಿಗೂ ಸಂತೆಗೂ ಬೆಳೆ ಬದಲಾದದ್ದರಿಂದ ಯಾವ ಬಾಧಕವೂ ಆಗಿಲ್ಲ.

ಪರಿಷೆಯ ಹಿಂದಿನ ರಾತ್ರಿಯೇ ಬುಲ್ ಟೆಂಪಲ್ ರಸ್ತೆಯ ಇಕ್ಕೆಲಗಳಲ್ಲಿ ಮೂಟೆಗಳು ಇಳಿಯುತ್ತವೆ. ಮಾಗಡಿ, ಕೋಲಾರ, ಚಿಂತಾಮಣಿಯ ಕಡೆಯವರು, ಆಂಧ್ರ ಮತ್ತು ತಮಿಳುನಾಡಿನ ವ್ಯಾಪಾರಿಗಳು ಹಸಿಕಾಯಿ, ಒಣಕಾಯಿ, ಹುರಿದದ್ದು, ಬೇಯಿಸಿದ್ದನ್ನು ಗುಡ್ಡೆ ಹಾಕಿ ಸೇರಿನಲ್ಲಿ ಅಳೆದು ಮಾರುತ್ತಾರೆ. ಒಂದು ದಿನದ್ದೆಂದು ಹೆಸರಾದ ಪರಿಷೆ ಈಚಿನ ವರ್ಷಗಳಲ್ಲಿ ಹಲವು ದಿನ ನಡೆಯುತ್ತಿದೆ. ಈ ಸಂತೆಗೆ ಕಾಯಂ ಕಟ್ಟಡವಿಲ್ಲ, ಮುಂಗಡ ಬಾಡಿಗೆಯ ಮಳಿಗೆಯಿಲ್ಲ. ಅದಕ್ಕಿರುವುದು ರಸ್ತೆ, ಗುಡಿಯ ಮುಂದಿನ ಏರು, ಪಕ್ಕದ ಬ್ಯೂಗಲ್ ರಾಕ್ ಉದ್ಯಾನ. ಅಂಗಡಿಯ ಮುಂದೆ ನಿಂತು ದಣಿದವರು ಬಂಡೆಯ ಮೇಲೆ ಹೋಗಿ ಕುಳಿತು ಸಿಪ್ಪೆ ಸುಲಿಯುತ್ತಾರೆ. ಅಂದು ಕಾವಲುಗಾರರು ಕಹಳೆ ಊದುತ್ತಿದ್ದ ಬಂಡೆ ಇದೆಂಬುದು ಹೆಸರಿನ ಮೂಲ. ಅದರ ಬದಿಯಲ್ಲಿ ಡಿ.ವಿ. ಗುಂಡಪ್ಪನವರ ಪ್ರತಿಮೆಯಿದೆ. ಪರಿಷೆಯ ನಾಳೆ ಅಲ್ಲಿ ಬೀಳುವ ಸಿಪ್ಪೆ ಮತ್ತು ಪ್ಲಾಸ್ಟಿಕ್ಕಿನ ರಾಶಿಯನ್ನು ಮಾತ್ರ ಯಾವ ಬಸವನೂ ಮೇಯಲಾರ. ಅದನ್ನು ಎತ್ತುವವರು ಪೌರಕಾರ್ಮಿಕರು. ಆ ವೆಚ್ಚವನ್ನು ವ್ಯಾಪಾರದ ಲಾಭದಲ್ಲಿ ಕಳೆದು ನೋಡುವ ಅಭ್ಯಾಸ ಇನ್ನೂ ಬಂದಿಲ್ಲ.

ನಡೆದು ಬರುವ ಗಿರಾಕಿ

ಬಸವನಗುಡಿಯ ಉದ್ಯಾನಗಳಲ್ಲಿ ಬೆಳಕು ಹರಿಯುವ ಮುನ್ನವೇ ಜನಸಂಚಾರ ಆರಂಭವಾಗುತ್ತದೆ. ಎಂ.ಎನ್. ಕೃಷ್ಣರಾವ್ ಉದ್ಯಾನದ ಸಮತಟ್ಟಾದ ಹಾದಿಯಲ್ಲಿ ಹಿರಿಯರು, ರಾಮಾಂಜನೇಯ ಗುಡ್ಡದ ಏರಿನಲ್ಲಿ ಕಾಲಿಗೆ ಕಸುವಿರುವವರು, ಲಾಲ್‌ಬಾಗಿನಲ್ಲಿ ಎಲ್ಲರೂ. ಲಾಲ್‌ಬಾಗಿಗೆ ಬೆಳಗಿನ ನಡಿಗೆಯ ವೇಳೆಯಲ್ಲಿ ಪ್ರವೇಶ ಉಚಿತ. ನಡಿಗೆ ಮುಗಿಸಿದವರ ಹಸಿವಿಗೆ ಈ ಭಾಗದ ಹೋಟೆಲುಗಳು ಉತ್ತರ ಕೊಡುತ್ತವೆ. 1924ರಲ್ಲಿ ಆರಂಭವಾದ ಎಂಟಿಆರ್ ತನ್ನ ಹೆಸರಿನಲ್ಲಿಯೇ ಮಾವಳ್ಳಿಯನ್ನು ಉಳಿಸಿಕೊಂಡು ಲಾಲ್‌ಬಾಗ್ ರಸ್ತೆಯಲ್ಲಿದೆ. ಗಾಂಧಿ ಬಜಾರಿನ ವಿದ್ಯಾರ್ಥಿ ಭವನ 1943ರದ್ದು. ಇವುಗಳ ಖ್ಯಾತಿಗೆ ದೋಸೆಯ ಗುಣವೇ ಕಾರಣವೆಂಬುದರಲ್ಲಿ ಸಂದೇಹವಿಲ್ಲ. ಆದರೆ ಬೆಳಗಿನ ಏಳರಿಂದ ಒಂಬತ್ತರವರೆಗೆ, ಕಾಲ್ನಡಿಗೆಯಲ್ಲಿ, ಹಸಿದು, ದಿನವೂ ಬರುವ ಗಿರಾಕಿಯನ್ನು ಸುತ್ತಲಿನ ಹೋಟೆಲುಗಳಿಗೆ ಒದಗಿಸುವ ಉಪಕಾರ ಉದ್ಯಾನಗಳದ್ದು. ಹೋಟೆಲಿನವನು ಅದಕ್ಕೆ ದಲ್ಲಾಳಿ ಕೊಡಬೇಕಾಗಿಲ್ಲ.

ಗಾಂಧಿ ಬಜಾರಿನಲ್ಲಿ ಇದೇ ವಿಷಯ ಕಹಿಯಾದ ವಾದವಾಗಿ ಎದ್ದದ್ದುಂಟು. ಹೂವು, ಹಣ್ಣು, ಪೂಜಾ ಸಾಮಗ್ರಿ, ಬಾಳೆಎಲೆಯ ಈ ಹಳೆಯ ಬೀದಿಯನ್ನು ಪಾದಚಾರಿಗಳಿಗೆ ಅನುಕೂಲವಾಗುವಂತೆ ಮರುರೂಪಿಸುವ ಕಾಮಗಾರಿ ನಗರ ಭೂಸಾರಿಗೆ ನಿರ್ದೇಶನಾಲಯದ ಯೋಜನೆಯಂತೆ 2022ರ ಕೊನೆಯಲ್ಲಿ ಆರಂಭವಾದಾಗ, ಬೀದಿಬದಿಯ ಹೂವಿನವರು ತಾತ್ಕಾಲಿಕವಾಗಿ ಎತ್ತಂಗಡಿಯಾಗಬೇಕಾಯಿತು. ಅಂಗಡಿಯವರು ವಾಹನ ನಿಲ್ಲಿಸಲು ಜಾಗ ಹೋಗುವುದೆಂದು ಆಕ್ಷೇಪಿಸಿದರು. ಎರಡೂ ದೂರುಗಳಲ್ಲಿ ಹುರುಳಿತ್ತು. ತಿಂಗಳುಗಟ್ಟಲೆ ಅಗೆದ ಬೀದಿಯಲ್ಲಿ ವ್ಯಾಪಾರ ಕಳೆದುಕೊಂಡವನಿಗೆ ಮುಂದಿನ ಅಗಲವಾದ ಕಾಲುದಾರಿಯ ಚಿತ್ರ ತೋರಿಸಿ ಸಮಾಧಾನ ಹೇಳಲಾಗದು. ಆದರೂ ಒಂದು ಪ್ರಶ್ನೆ ಉಳಿಯುತ್ತದೆ: ಅಂಗಡಿಯ ಮುಂದೆ ಅರ್ಧ ದಿನ ನಿಲ್ಲುವ ಒಂದು ಕಾರು ತರುವ ಗಿರಾಕಿಗಳೆಷ್ಟು, ಅಷ್ಟೇ ಜಾಗದಲ್ಲಿ ಮರದ ನೆರಳಿದ್ದರೆ ನಡೆದು ಬರುವವರೆಷ್ಟು? 2017ರ ಜೂನ್‌ನಲ್ಲಿ ಮೆಟ್ರೊದ ನ್ಯಾಷನಲ್ ಕಾಲೇಜ್ ಮತ್ತು ಲಾಲ್‌ಬಾಗ್ ನಿಲ್ದಾಣಗಳು ತೆರೆದ ಮೇಲೆ ಈ ಪ್ರಶ್ನೆಗೆ ತೂಕ ಹೆಚ್ಚಿದೆ. ಊರಿನ ಇನ್ನೊಂದು ತುದಿಯಿಂದ ಮಲ್ಲಿಗೆಯ ಮೊಳ ಕೊಳ್ಳಲು ಯಾರೂ ಕಾರಿನಲ್ಲಿ ಬರುವುದಿಲ್ಲ.

ನೀರಿನ ಲೆಕ್ಕ

ತೆರೆದ ನೆಲದ ಬೆಲೆಯನ್ನು ರೂಪಾಯಿಯಲ್ಲಿ ಕಾಣಬೇಕೆನ್ನುವವರಿಗೆ 2024ರ ಬೇಸಿಗೆ ಒಂದು ಅವಕಾಶ ಒದಗಿಸಿತು. ಆ ಮಾರ್ಚ್‌ನಲ್ಲಿ ಕೊಳವೆಬಾವಿಗಳು ಬತ್ತಿ, ಟ್ಯಾಂಕರ್ ನೀರಿನ ಬೆಲೆ ಏರುತ್ತಾ ಹೋದಾಗ, ಆಡಳಿತವು ದರ ನಿಗದಿ ಮಾಡಿತು. 12,000 ಲೀಟರಿನ ಟ್ಯಾಂಕರಿಗೆ ಐದು ಕಿಲೋಮೀಟರಿನೊಳಗೆ 1,000 ರೂಪಾಯಿ. ಹೋಟೆಲು, ಛತ್ರ, ಆಸ್ಪತ್ರೆ, ಬಟ್ಟೆ ತೊಳೆಯುವ ಘಟಕಗಳವರಿಗೆ ಆ ತಿಂಗಳುಗಳ ನೆನಪು ಇನ್ನೂ ಮಾಸಿರಲಾರದು.

ಬೆಂಗಳೂರಿನ ಸರಾಸರಿ ವಾರ್ಷಿಕ ಮಳೆ ಸುಮಾರು 970 ಮಿಲಿಮೀಟರ್. 240 ಎಕರೆಯ ಲಾಲ್‌ಬಾಗಿನ ಮೇಲೆ ಒಂದು ವರ್ಷದಲ್ಲಿ ಬೀಳುವ ನೀರನ್ನು ಇದರಿಂದ ಗುಣಿಸಿ ನೋಡಿದರೆ ಸುಮಾರು 94 ಕೋಟಿ ಲೀಟರ್ ಆಗುತ್ತದೆ. ಅಂದರೆ ಅಂಥ 78,000 ಟ್ಯಾಂಕರುಗಳು. 2024ರ ದರದಲ್ಲಿ ಏಳೂಮುಕ್ಕಾಲು ಕೋಟಿ ರೂಪಾಯಿಗೂ ಮಿಕ್ಕ ನೀರು. ಇದಷ್ಟೂ ಭೂಮಿಗೆ ಇಂಗುವುದಿಲ್ಲವೆಂಬುದು ನಿಜ. ಒಂದು ಪಾಲು ಆವಿಯಾಗುತ್ತದೆ, ಒಂದು ಪಾಲನ್ನು ಮರಗಳು ಕುಡಿಯುತ್ತವೆ, ಒಂದು ಪಾಲು ಬಂಡೆಯ ಮೇಲಿಂದ ಜಾರಿ ಕೆರೆಗೆ ಸೇರುತ್ತದೆ. ಈ ಭಾಗದ ಗಟ್ಟಿ ಶಿಲೆಯಲ್ಲಿ ನೀರು ನಿಲ್ಲುವುದು ಮೇಲಿನ ಸಡಿಲಗೊಂಡ ಪದರದಲ್ಲಿ ಮತ್ತು ಬಿರುಕುಗಳಲ್ಲಿ ಮಾತ್ರ. ಆದ್ದರಿಂದಲೇ ಇಂಗುವ ಪ್ರತಿ ಗುಂಟೆ ಮಣ್ಣಿಗೂ ಬೆಲೆಯಿದೆ. ಅದೇ ಮಳೆ ಡಾಂಬರು-ಕಾಂಕ್ರೀಟಿನ ಮೇಲೆ ಬಿದ್ದರೆ ಗಳಿಗೆಯೊಳಗೆ ರಾಜಕಾಲುವೆಯಲ್ಲಿ ಹರಿದು ತಗ್ಗಿನ ಅಂಗಡಿಗಳಿಗೆ ನುಗ್ಗುತ್ತದೆ. ಮೇಲಿನ ದಿಣ್ಣೆಯಲ್ಲಿ ಹಿಡಿಯದ ನೀರನ್ನು ಕೆಳಗಿನ ನೆಲಮಾಳಿಗೆಯಲ್ಲಿ ಹಿಡಿಯಬೇಕಾಗುತ್ತದೆ, ಸರಕಿನ ಸಮೇತ.

ಹೀಗಿರುವಾಗ ಉದ್ಯಾನದ ‘ಅಭಿವೃದ್ಧಿ’ಯೆಂದರೆ ಹಾಸುಕಲ್ಲು, ಹೆಂಚು, ಕಾಂಕ್ರೀಟಿನ ನಡಿಗೆಪಥ, ಕಾರಂಜಿ ಮತ್ತು ಹೆಸರಿನ ಫಲಕವೆಂದು ತಿಳಿದಿರುವುದು ವಿಷಾದದ ಸಂಗತಿ. ಗುತ್ತಿಗೆಯ ಬಿಲ್ಲು ಬರೆಯಲು ಮಣ್ಣಿಗಿಂತ ಕಾಂಕ್ರೀಟು ಅನುಕೂಲ. 2013ರ ಕಂಪನಿ ಕಾಯಿದೆಯಂತೆ ದೊಡ್ಡ ಸಂಸ್ಥೆಗಳು ಸರಾಸರಿ ನಿವ್ವಳ ಲಾಭದ ಶೇ. 2ರಷ್ಟನ್ನು ಸಾಮಾಜಿಕ ಹೊಣೆಗಾರಿಕೆಗೆ ವಿನಿಯೋಗಿಸಬೇಕು; ಪರಿಸರ ಸಂರಕ್ಷಣೆಯೂ ಅದರ ವ್ಯಾಪ್ತಿಯಲ್ಲಿದೆ. ಆದರೆ ಆ ಹಣ ಉದ್ಘಾಟಿಸಬಹುದಾದ ವಸ್ತುಗಳ ಕಡೆಗೆ ಹರಿಯುವಷ್ಟು ಸುಲಭವಾಗಿ ಮಾಲಿಯ ತಿಂಗಳ ಸಂಬಳದ ಕಡೆಗೆ ಹರಿಯುವುದಿಲ್ಲ. ಯಂತ್ರಕ್ಕೆ ಸವಕಳಿ ಲೆಕ್ಕ ಹಾಕುವ ಉದ್ಯಮಿಗಳಿಗೆ ನಿರ್ವಹಣೆಯಿಲ್ಲದ ಆಸ್ತಿಯ ಗತಿಯನ್ನು ಬಿಡಿಸಿ ಹೇಳಬೇಕಾಗಿಲ್ಲ. ಲಾಲ್‌ಬಾಗಿನೊಳಗೆ 19ನೆಯ ಶತಮಾನದಲ್ಲಿ ಕಟ್ಟಿದ, ಕ್ರುಂಬಿಗಲ್ ಅವರ ಹೆಸರು ಹೊತ್ತಿದ್ದ ಸಭಾಂಗಣ ವರ್ಷಗಳ ನಿರ್ಲಕ್ಷ್ಯದ ನಂತರ 2017ರಲ್ಲಿ ಕುಸಿದುಬಿದ್ದಿತು.

ಕಾನೂನು ಮತ್ತು ನಕ್ಷೆ

ಕಾನೂನಿನ ಬಲ ಇಲ್ಲವೆನ್ನಲಾಗದು. ಕಬ್ಬನ್ ಪಾರ್ಕ್ ಮತ್ತು ಲಾಲ್‌ಬಾಗಿಗೆ ರಕ್ಷಣೆ ನೀಡುವ ಸರ್ಕಾರಿ ಉದ್ಯಾನಗಳ ಸಂರಕ್ಷಣಾ ಕಾಯಿದೆ 1975ರದ್ದು, ಮರಗಳ ಸಂರಕ್ಷಣಾ ಕಾಯಿದೆ 1976ರದ್ದು, ಉದ್ಯಾನ, ಆಟದ ಮೈದಾನ ಮತ್ತು ತೆರೆದ ಸ್ಥಳಗಳ ಕಾಯಿದೆ 1985ರದ್ದು. 1991ರಲ್ಲಿ ಸರ್ವೋಚ್ಚ ನ್ಯಾಯಾಲಯವು ಬೆಂಗಳೂರು ಮೆಡಿಕಲ್ ಟ್ರಸ್ಟ್ ಪ್ರಕರಣದಲ್ಲಿ, ರಾಜಮಹಲ್ ವಿಲಾಸ ಬಡಾವಣೆಯ ನಕ್ಷೆಯಲ್ಲಿ ಉದ್ಯಾನಕ್ಕೆಂದು ಗುರುತಿಸಿದ ಜಾಗವನ್ನು ಖಾಸಗಿ ಆಸ್ಪತ್ರೆಗೆ ನೀಡಿದ್ದನ್ನು ಒಪ್ಪಲಿಲ್ಲ. ಆಸ್ಪತ್ರೆ ಬೇಡವೆಂದು ಯಾರೂ ಹೇಳಿರಲಿಲ್ಲ. ಒಂದು ಒಳ್ಳೆಯ ಕೆಲಸಕ್ಕಾಗಿ ಇನ್ನೊಂದು ಒಳ್ಳೆಯ ಕೆಲಸದ ನೆಲವನ್ನು ಕಸಿಯಬಹುದೇ ಎಂಬುದೇ ಅಲ್ಲಿದ್ದ ಪ್ರಶ್ನೆ.

ಅದೇ ಪ್ರಶ್ನೆ ದಕ್ಷಿಣ ಬೆಂಗಳೂರಿಗೆ ಮತ್ತೆ ಮತ್ತೆ ಬಂದಿದೆ. 2009ರಲ್ಲಿ ಮೆಟ್ರೊ ಮಾರ್ಗಕ್ಕಾಗಿ ಲಾಲ್‌ಬಾಗಿನ ಅಂಚು ಮತ್ತು ಜಯನಗರದ ನಂದಾ ರಸ್ತೆಯ ಮರಗಳಿಗೆ ಕುತ್ತು ಬಂದಾಗ ನಾಗರಿಕರು ಬೀದಿಗಿಳಿದರು. ಮಾರ್ಗ ಬಂದಿತು, ಮರಗಳು ಹೋದವು. ಇಂದು ಆ ಮಾರ್ಗದಲ್ಲಿ ದಿನವೂ ಓಡಾಡುವ ಸಹಸ್ರಾರು ಜನರಲ್ಲಿ ಅಂದು ವಿರೋಧಿಸಿದವರೂ ಇದ್ದಾರು. ಸಾರ್ವಜನಿಕ ಸಾರಿಗೆಗಾಗಿ ತೆತ್ತ ಬೆಲೆಯದು ಎನ್ನಬಹುದು. 2025ರಲ್ಲಿ ಎದ್ದ ವಿವಾದಕ್ಕೆ ಆ ಸಮರ್ಥನೆ ಅಷ್ಟು ಸುಲಭವಾಗಿ ಒಗ್ಗುವುದಿಲ್ಲ. ಹೆಬ್ಬಾಳದಿಂದ ಸಿಲ್ಕ್ ಬೋರ್ಡ್‌ವರೆಗಿನ ಸುರಂಗ ರಸ್ತೆಯ ಯೋಜನೆಯಲ್ಲಿ ಲಾಲ್‌ಬಾಗಿನ ನೆಲದಲ್ಲಿ ಪ್ರವೇಶ-ನಿರ್ಗಮನದ ಇಳಿಜಾರು ಮಾರ್ಗ ಪ್ರಸ್ತಾಪವಾದಾಗ, ನಡಿಗೆದಾರರು, ಸಸ್ಯತಜ್ಞರು, ಭೂವಿಜ್ಞಾನ ಬಲ್ಲವರು ಒಟ್ಟಾಗಿ ಆಕ್ಷೇಪವೆತ್ತಿದರು. ಮುಖ್ಯವಾಗಿ ಕಾರುಗಳಿಗೆ ಉಪಯೋಗವಾಗುವ ದಾರಿಗಾಗಿ 300 ಕೋಟಿ ವರ್ಷದ ಬಂಡೆಯ ಪಕ್ಕದಲ್ಲಿ ಅಗೆಯಬೇಕೇ, ಕೆರೆಗೆ ಬರುವ ನೀರಿನ ದಾರಿ ಏನಾದೀತು ಎಂಬ ಅವರ ಪ್ರಶ್ನೆಗಳು ನ್ಯಾಯಾಲಯದ ಮೆಟ್ಟಿಲನ್ನೂ ಹತ್ತಿದವು.

ವಾಹನ ದಟ್ಟಣೆಯಿಂದ ವರ್ತಕ ಸಮುದಾಯ ನಷ್ಟ ಅನುಭವಿಸುತ್ತಿರುವುದು ನಿರ್ವಿವಾದ. ಆದ್ದರಿಂದ ಹೊಸ ರಸ್ತೆಯೆಂದೊಡನೆ ವಾಣಿಜ್ಯ ಸಂಘಗಳು ಸ್ವಾಗತಿಸುವುದು ರೂಢಿ. ಆದರೆ ಲಾಲ್‌ಬಾಗಿನ ಅಂಚಿನಲ್ಲಿ ಮಾತ್ರ ವರ್ತಕನ ಹಿತ ಎರಡೂ ಕಡೆಗಿದೆ. ಸಿದ್ದಾಪುರದ ನರ್ಸರಿ, ಮಾವಳ್ಳಿಯ ಹೋಟೆಲು, ದ್ವಾರದ ಮುಂದಿನ ಎಳನೀರಿನ ತಳ್ಳುಗಾಡಿ, ಪ್ರದರ್ಶನದ ಮಳಿಗೆದಾರ ಇವರ ಮಾತೂ ಯೋಜನಾ ವರದಿಯ ಲಾಭ-ನಷ್ಟದ ಕೋಷ್ಟಕದಲ್ಲಿ ಸೇರಬೇಕಾದರೆ, ಅದನ್ನು ಸೇರಿಸಿ ಎಂದು ಕೇಳಬೇಕಾದವರು ವಾಣಿಜ್ಯ ಸಂಘಗಳೇ. ಒಂದು ತೊಡಕೆಂದರೆ ಕೇಳಬೇಕಾದ ಬಾಗಿಲುಗಳು ಹಲವು. ಲಾಲ್‌ಬಾಗ್ ತೋಟಗಾರಿಕೆ ಇಲಾಖೆಯದು, ಬಸವಣ್ಣನ ಗುಡಿ ಮುಜರಾಯಿ ಇಲಾಖೆಯದು, ಬಡಾವಣೆಯ ಉದ್ಯಾನ ಮತ್ತು ಬೀದಿಗಳು ಪಾಲಿಕೆಯವು. 2025ರ ಸೆಪ್ಟೆಂಬರ್‌ನಲ್ಲಿ ಬಿಬಿಎಂಪಿ ಹೋಗಿ ಗ್ರೇಟರ್ ಬೆಂಗಳೂರು ಪ್ರಾಧಿಕಾರದಡಿ ಐದು ಪಾಲಿಕೆಗಳು ಬಂದ ಮೇಲೆ, ಯಾವ ಅರ್ಜಿ ಯಾವ ಕಚೇರಿಗೆ ಎಂಬುದನ್ನು ವರ್ತಕರೂ ನಿವಾಸಿಗಳೂ ಹೊಸದಾಗಿ ಕಲಿಯಬೇಕಾಯಿತು.

ಅರ್ಧ ದಿನದ ಸುತ್ತು

ಹೊರ ಊರುಗಳಿಂದ ವ್ಯವಹಾರಕ್ಕಾಗಿ ಬರುವ ಸದಸ್ಯರಿಗೆ ಈ ದಿಣ್ಣೆಯನ್ನು ನೋಡಲು ಅರ್ಧ ದಿನ ಸಾಕು. ನ್ಯಾಷನಲ್ ಕಾಲೇಜ್ ನಿಲ್ದಾಣದಲ್ಲಿ ಇಳಿದು, ಗಾಂಧಿ ಬಜಾರಿನ ಹೂವಿನ ಸಾಲನ್ನು ಹಾದು, ಕೃಷ್ಣರಾವ್ ಉದ್ಯಾನವನ್ನು ಒಂದು ಸುತ್ತು ಹಾಕಿ, ಬುಲ್ ಟೆಂಪಲ್ ರಸ್ತೆಯ ಏರಿಗೆ ತಿರುಗಬಹುದು. ಬ್ಯೂಗಲ್ ರಾಕ್, ದೊಡ್ಡಗಣಪತಿ, ಬಸವಣ್ಣನ ಗುಡಿ ಒಂದಕ್ಕೊಂದು ಅಂಟಿಕೊಂಡಂತೆ ಇವೆ. ಅಲ್ಲಿಂದ ಪಶ್ಚಿಮಕ್ಕೆ ಹನುಮಂತನಗರದ ರಾಮಾಂಜನೇಯ ಗುಡ್ಡಕ್ಕೆ ಹತ್ತುವುದು ಮೊಣಕಾಲಿನ ಸ್ಥಿತಿಯನ್ನು ಅವಲಂಬಿಸಿದ್ದು. ಗವಿಪುರದ ಗುಹಾದೇವಾಲಯಕ್ಕೆ ಸಂಕ್ರಾಂತಿಯ ಸಂಜೆ ಹೋದರೆ ಸೂರ್ಯನ ಕಿರಣ ಗರ್ಭಗುಡಿಯನ್ನು ಮುಟ್ಟುವುದನ್ನು ಕಾಣಲು ಸಾಲಿನಲ್ಲಿ ಬಹಳ ಹೊತ್ತು ನಿಲ್ಲಬೇಕು. ಬೇರೆ ದಿನಗಳಲ್ಲಿ ಗುಹೆ ತಂಪಾಗಿ, ಖಾಲಿಯಾಗಿ ಇರುತ್ತದೆ. ಕೆಂಪಾಂಬುಧಿಯ ಏರಿಯ ಮೇಲೆ ನಿಂತರೆ ಕೆರೆಯೊಂದು ಒಳಚರಂಡಿಯ ನೀರಿನೊಡನೆ ಎಷ್ಟು ಹೆಣಗಿದೆ ಎಂಬುದೂ ತಿಳಿಯುತ್ತದೆ. ಸಂಜೆಗೆ ಮುಂಚೆ ಪೂರ್ವಕ್ಕೆ ಇಳಿದು ಲಾಲ್‌ಬಾಗಿನ ಪಶ್ಚಿಮ ದ್ವಾರದಿಂದ ಒಳಹೋಗುವುದು ಒಳ್ಳೆಯದು. ಬಂಡೆಯನ್ನು ಬರಿಗಾಲಿನಲ್ಲಿ ಹತ್ತುವವರು ಹಗಲಿನ ಬಿಸಿಲು ಇಳಿಯುವವರೆಗೆ ಕಾಯಬೇಕಾಗುತ್ತದೆ. ಕಲ್ಲು ಕಾವನ್ನು ಬೇಗ ಬಿಡುವುದಿಲ್ಲ. ಹಿಂದಿರುಗುವಾಗ ನರ್ಸರಿಯಿಂದ ಸಸಿ ಕೊಳ್ಳುವುದಿದ್ದರೆ, ಬಾಗಿಲು ಹಾಕುವ ಮುನ್ನ ಅಲ್ಲಿಗೆ ತಲುಪುವಂತೆ ಹೊತ್ತು ನೋಡಿಕೊಳ್ಳಬೇಕು.